ಫುಲ್ ಫ್ರೇಮ್ ಯಾವಾಗ ತಗೋತೀರಿ ಎಂದು ಕೇಳುವವರಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವವನು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಇದು: "ಇನ್ನೂ ಕ್ರಾಪ್ ಸೆನ್ಸರ್‌ನಾಗ ಅದೀರಲ್ಲ, ಫುಲ್ ಫ್ರೇಮ್ ಯಾವಾಗ ತಗೋತೀರಿ?" ಮೂವತ್ತು ದಾಟಿದ ಹುಡುಗನನ್ನು ಲಗ್ನ ಯಾವಾಗ ಎಂದು ಕೇಳುವ ಧಾಟಿಯಲ್ಲೇ, ಅದೇ ಕನಿಕರ ಬೆರೆಸಿ ಇದನ್ನು ಕೇಳುತ್ತಾರೆ. ಫುಲ್ ಫ್ರೇಮ್ ಎಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್, ಅಂದರೆ ಸೆನ್ಸರ್, ದೊಡ್ಡದಿರುವ ಕ್ಯಾಮೆರಾ; ಕ್ರಾಪ್ ಎಂದರೆ ಅದು ಚಿಕ್ಕದಿರುವುದು. ನನ್ನ ಬಳಿ ಎರಡೂ ಇವೆ. ಮದುವೆಗೆ ಫುಲ್ ಫ್ರೇಮ್ ಸೆನ್ಸರಿನ ನಿಕಾನ್ ಡಿ850, ಪ್ರಾಣಿ-ಪಕ್ಷಿಗಳಿಗೆ ಕ್ರಾಪ್ ಸೆನ್ಸರಿನ ಡಿ500. ಇದನ್ನು ಹೇಳಿದರೂ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ಅವರಿಗೆ ಬೇಕಾದದ್ದು ಉತ್ತರವಲ್ಲ, ಒಪ್ಪಿಗೆ.

ವಿದ್ಯಾನಗರದ ಕಡೆಯ ಒಂದು ಕಲ್ಯಾಣಮಂಟಪದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಮಂಗಳಾಷ್ಟಕ ಮುಗಿಯುತ್ತ ಬಂದಿತ್ತು, ವಾಜಂತ್ರಿಯವರು ಗುರುಗಳ ಸನ್ನೆಗೆ ಕಾಯುತ್ತಿದ್ದರು, ನಾನು ಒಂದು ಕಣ್ಣು ಮುಚ್ಚಿ ವರನ ಕೈಯನ್ನೇ ನೋಡುತ್ತಿದ್ದೆ. ಹಿಂದಿನಿಂದ ಹಿರಿಯರೊಬ್ಬರು ಬೆನ್ನು ತಟ್ಟಿದರು. "ಇದು ಫುಲ್ ಫ್ರೇಮ್ ಐತೇನ್ರಿ?" ತಿರುಗದೆಯೇ ಹೌದೆಂದೆ. "ಎಷ್ಟ್ ಮೆಗಾಪಿಕ್ಸೆಲ್?" ನಲವತ್ತೈದು ಎಂದೆ. "ನಮ್ಮ ಅಳಿಯಾಂದು ಅರವತ್ತೊಂದು ಐತಿ" ಎಂದು ಅವರು ಹೇಳುವುದಕ್ಕೂ ಎಲ್ಲರೂ ಅಕ್ಷತೆ ಎರಚುವುದಕ್ಕೂ ಸರಿಹೋಯಿತು. ಅವರ ಮುಷ್ಟಿಯಲ್ಲಿದ್ದ ಅಕ್ಷತೆ ವಧೂವರರಿಗೆ ತಲುಪದೆ ನನ್ನ ಫ್ಲ್ಯಾಶ್ ಮೇಲೆಯೇ ಬಿತ್ತು. ಊಟದ ಪಂಕ್ತಿಯಲ್ಲೂ ಅವರು ಹುಡುಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕುಳಿತರು. ಅಳಿಯನಿಗಿಂತ ನಾನೇಕೆ ಹಿಂದೆ ಉಳಿದೆ ಎಂಬುದು ಅವರ ನಿಜವಾದ ಕಳವಳವಾಗಿತ್ತು. ಗೋಧಿ ಹುಗ್ಗಿ ಆರುವವರೆಗೂ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ; ಇನ್ನು ಮುಂದೆ ಕೇಳಿದವರಿಗೆ ಇದರ ಕೊಂಡಿ ಕಳುಹಿಸಿ ಬಿಸಿ ಊಟ ಮಾಡುವ ಉದ್ದೇಶ ನನ್ನದು.

ಫುಲ್ ಫ್ರೇಮ್ ಸೆನ್ಸರಿನ ಅಳತೆ 36×24 ಮಿಲಿಮೀಟರ್, ಅಂದರೆ 864 ಚದರ ಮಿಲಿಮೀಟರ್. ನಿಕಾನ್‌ನ ಕ್ರಾಪ್ ಸೆನ್ಸರ್ ಸುಮಾರು 23.5×15.7, ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು. ಒಂದೇ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ಒಂದೇ ಷಟರ್ ವೇಗ ಇಟ್ಟರೆ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬೆಳಕು ಎರಡರಲ್ಲೂ ಒಂದೇ, ಆದರೆ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಿರುವುದರಿಂದ ದೊಡ್ಡ ಸೆನ್ಸರ್ ಒಟ್ಟಾರೆ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಹೀಗಾಗಿ ಒಂದೇ ಕಾಲದ ತಂತ್ರಜ್ಞಾನದ ಎರಡು ಕ್ಯಾಮೆರಾಗಳಲ್ಲಿ, ಕ್ರಾಪ್‌ನ ಫೋಟೊದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಎಷ್ಟು ನಾಯ್ಸ್ (ಮರಳಿನಂಥ ಚುಕ್ಕೆಗಳು) ಕಾಣುತ್ತದೆಯೋ ಹೆಚ್ಚೂಕಡಿಮೆ ಅಷ್ಟೇ ನಾಯ್ಸ್ ಫುಲ್ ಫ್ರೇಮ್‌ನಲ್ಲಿ 6400ಕ್ಕೆ ಕಾಣುತ್ತದೆ. ಲಕ್ಕುಂಡಿಯ ಬ್ರಹ್ಮಜಿನಾಲಯದ ಒಳಗೆ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಕಡೆದ ಕಂಬಗಳ ಉಂಗುರದಂಥ ಅಂಚುಗಳನ್ನು ಆ ಕಪ್ಪಾದ ಕಲ್ಲಿನಲ್ಲಿ ಬಿಡಿಬಿಡಿಯಾಗಿ ತೋರಿಸಬೇಕಾದಾಗ ಈ ಎರಡು ಪಟ್ಟಿನ, ನಮ್ಮ ಭಾಷೆಯಲ್ಲಿ ಒಂದು ಸ್ಟಾಪಿನ, ಬೆಲೆ ತಿಳಿಯುತ್ತದೆ. ರಾತ್ರಿಯ ಮದುವೆ ಮೆರವಣಿಗೆಯಲ್ಲೂ ಅಷ್ಟೇ. ಹಿನ್ನೆಲೆಯನ್ನು ಮಸುಕಾಗಿಸುವ ವಿಷಯದಲ್ಲಿಯೂ ದೊಡ್ಡದಕ್ಕೇ ಮೇಲುಗೈ. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ.

ಈಗ ರಾಣೆಬೆನ್ನೂರಿಗೆ ಬನ್ನಿ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಆ ಕೃಷ್ಣಮೃಗ ಅಭಯಾರಣ್ಯದಲ್ಲಿ ಚಿಗರಿ ನಿಮ್ಮ ಸೆನ್ಸರಿನ ಅಳತೆ ಕೇಳಿ ಹತ್ತಿರ ಬರುವುದಿಲ್ಲ. ಚಿಕ್ಕ ಸೆನ್ಸರ್ ದೃಶ್ಯದ ನಡುಭಾಗವನ್ನಷ್ಟೇ ಹಿಡಿಯುವುದರಿಂದ, 500 ಮಿಲಿಮೀಟರಿನ ಲೆನ್ಸ್ ಡಿ500 ಮೇಲೆ ಕುಳಿತರೆ, ಫುಲ್ ಫ್ರೇಮ್‌ನಲ್ಲಿ 750 ಮಿಲಿಮೀಟರ್ ಲೆನ್ಸ್ ಕಾಣುವಷ್ಟು ಕಿರಿದಾದ ನೋಟವನ್ನು 2.09 ಕೋಟಿ ಪಿಕ್ಸೆಲ್‌ಗಳಲ್ಲಿ ಕೊಡುತ್ತದೆ. ಅದೇ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಡಿ750ಗೆ ಹಾಕಿ ಅಷ್ಟೇ ಭಾಗವನ್ನು ಕತ್ತರಿಸಿದರೆ ಉಳಿಯುವುದು ಒಂದು ಕೋಟಿಯ ಆಸುಪಾಸು. ಡಿ850 ಆದರೆ 5408×3600 ಪಿಕ್ಸೆಲ್ ಉಳಿಯುತ್ತದೆ, ನಿಜ. ಆದರೆ ಹೆಚ್ಚು ಹಣ ಕೊಟ್ಟು, ಹೆಚ್ಚು ಭಾರ ಹೊತ್ತು, ಸೆನ್ಸರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ಎಸೆದು ಡಿ500 ಇದ್ದಲ್ಲಿಗೇ ಬಂದಂತಾಯಿತು. ಮೇಲಾಗಿ, ಚಿಗರಿ ನೆಗೆಯುವ ಹೊತ್ತಿಗೆ ಡಿ500 ಸೆಕೆಂಡಿಗೆ 10 ಫೋಟೊ ತೆಗೆದರೆ, ಬ್ಯಾಟರಿ ಗ್ರಿಪ್ ಇಲ್ಲದ ಡಿ850 ತೆಗೆಯುವುದು 7. ಬಿಸಿಲೇರಿ ನೆಲದ ಕಾವಿಗೆ ಗಾಳಿ ನಡುಗತೊಡಗಿದ ಮೇಲೆ ಎರಡೂ ಒಂದೇ, ಚೀಲಕ್ಕೆ ಹಾಕಿ ಚಹಾ ಕುಡಿಯಲು ಹೋಗಬೇಕು.

ಸೆನ್ಸರಿನ ಅಳತೆಯಿಂದ ಬಗೆಹರಿಯದ ತೊಂದರೆಗಳೂ ಇವೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯ ಫೋಟೊ ತೆಗೆದು ನೋಡಿ. ಒಟ್ಟಾರೆ ಎಕ್ಸ್‌ಪೋಶರ್ ಸರಿಯಾಗಿಯೇ ಕಂಡರೂ ಕೆಂಪು ಬಣ್ಣವನ್ನು ದಾಖಲಿಸುವ ಚಾನೆಲ್ ತುಂಬಿ ತುಳುಕಿ, ಆ ಕಾಯಿಯ ಗುರುತೇ ಆದ ಸುಕ್ಕುಗಳೆಲ್ಲ ಮಾಯವಾಗಿ ರಾಶಿಯು ಕೆಂಪು ಬಣ್ಣ ಬಳಿದ ಗೋಡೆಯಾಗಿರುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿ, ಕೆಂಪಿನ ಹಿಸ್ಟೋಗ್ರಾಮನ್ನೇ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬೇರೆಯಾಗಿ ನೋಡಬೇಕು. ಅಳಿಯನ ಅರವತ್ತೊಂದು ಮೆಗಾಪಿಕ್ಸೆಲ್‌ಗೂ ಇದೇ ಗತಿ.

ಚಿಕ್ಕ ಸೆನ್ಸರ್ ವೃತ್ತಿಯವರಿಗಲ್ಲ ಎನ್ನುವವರಿಗೆ ಸ್ವಲ್ಪ ಇತಿಹಾಸ. 1999ರ ನಿಕಾನ್ ಡಿ1ರಿಂದ 2007ರಲ್ಲಿ ಡಿ3 ಬರುವವರೆಗೆ ನಿಕಾನ್‌ನ ವೃತ್ತಿಪರ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಇದ್ದದ್ದು ಕ್ರಾಪ್ ಸೆನ್ಸರೇ, ಮತ್ತು ಆ ಅವಧಿಯಲ್ಲಿ ಪತ್ರಿಕೆಗಳ ಮುಖಪುಟ ಖಾಲಿ ಬಿದ್ದಿರಲಿಲ್ಲ. ಕ್ಯಾನನ್ 2002ರಲ್ಲಿಯೇ ಫುಲ್ ಫ್ರೇಮ್‌ನ 1ಡಿಎಸ್ ತಂದರೂ, ಕ್ರೀಡೆಯ ಛಾಯಾಗ್ರಾಹಕರಿಗಾಗಿ ಮಾಡಿದ 1ಡಿ ಸರಣಿಯಲ್ಲಿ 2009ರ ಮಾರ್ಕ್ 4ರವರೆಗೂ 1.3 ಕ್ರಾಪ್ ಅನ್ನೇ, ಅಂದರೆ ಫುಲ್ ಫ್ರೇಮ್‌ನ ಉದ್ದಗಲವನ್ನು 1.3ರಿಂದ ಭಾಗಿಸಿದಷ್ಟು ಅಳತೆಯ ಸೆನ್ಸರನ್ನೇ, ಉಳಿಸಿಕೊಂಡಿತ್ತು. ಇನ್ನು ಬೆಲೆಯ ವಿಚಾರ: ದೊಡ್ಡ ಸೆನ್ಸರ್‌ಗಳು ಒಂದು ಸಿಲಿಕಾನ್ ಬಿಲ್ಲೆಯಲ್ಲಿ ಕಡಿಮೆ ಸಂಖ್ಯೆಯಲ್ಲಿ ಹಿಡಿಯುತ್ತವೆ, ಒಂದು ದೋಷ ಕಂಡರೆ ಅಷ್ಟು ದೊಡ್ಡ ತುಂಡೇ ವ್ಯರ್ಥವಾಗುತ್ತದೆ. ನೀವು ಹೆಚ್ಚು ಕೊಡುವ ಹಣದಲ್ಲಿ ಒಂದು ಪಾಲು ಆ ವ್ಯರ್ಥಕ್ಕೂ ಸೇರಿದ್ದು.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ: ಈ ಫೋಟೊ ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೆ? ಮದುವೆ ಆಲ್ಬಮ್‌ನ 12×36 ಅಂಗುಲದ ಹಾಳೆಯ ಅರ್ಧ ತುಂಬಲು, ಅಂಗುಲಕ್ಕೆ 300 ಬಿಂದುವಿನ ಲೆಕ್ಕದಲ್ಲಿ, 3600×5400 ಪಿಕ್ಸೆಲ್ ಸಾಕು. ಅಂದರೆ ಎರಡು ಕೋಟಿಗಿಂತ ಕಡಿಮೆ, ಡಿ500 ಕೊಡುವುದಕ್ಕಿಂತ ಕಡಿಮೆ. ಬಹುತೇಕ ಫೋಟೊಗಳು ಆಲ್ಬಮ್ಮಿಗೂ ಹೋಗದೆ ವಾಟ್ಸಾಪ್‌ನಲ್ಲಿ ಕುಗ್ಗಿ ಮುಗಿಯುತ್ತವೆ. ನಮ್ಮ ಊರಿನಲ್ಲಿ ಅತಿ ದೊಡ್ಡದಾಗಿ ಅಚ್ಚಾಗುವುದು ಚನ್ನಮ್ಮ ವೃತ್ತದ ಸುತ್ತಮುತ್ತ ಕಟ್ಟುವ ಹುಟ್ಟುಹಬ್ಬದ ಫ್ಲೆಕ್ಸ್, ಅದರ ಮೂಲವೋ ಯಾರದೋ ಮೊಬೈಲಿನ ಡಿಪಿ.

ಈ ಪ್ರಶ್ನೆಯನ್ನು ಹಾವೇರಿಯ ತಾಯಿಯೊಬ್ಬರು ಮಾತ್ರ ಕೇಳಿದ್ದಾರೆ. ನಾನು ತೆಗೆದ ಚಿಗರಿ ಹಿಂಡಿನ ಫೋಟೊ ಅವರ ಹೊಸ ಮನೆಯ ಪಡಸಾಲೆಗೆ ಬೇಕಾಗಿತ್ತು. "ಗ್ವಾಡಿಗೆ ಹಾಕಬೇಕ್ರಿ, ಒಡೀಲಾರದಂಗ ಎಷ್ಟ್ ದೊಡ್ಡದ್ ಮಾಡಿಸಬಹುದು?" ಡಿ500ರ ಫೋಟೊದ ಅಗಲ 5568 ಪಿಕ್ಸೆಲ್; 40 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 139 ಪಿಕ್ಸೆಲ್ ಉಳಿಯುತ್ತದೆ, ಮತ್ತು ಆರು ಅಡಿ ದೂರದ ಸೋಫಾದಿಂದ ನೋಡುವ ಕಣ್ಣಿಗೆ ನೂರಿದ್ದರೂ ಸಾಕು. ಧೈರ್ಯವಾಗಿ ನಲವತ್ತಕ್ಕೇ ಮಾಡಿಸಿ, ಆದರೆ ಮ್ಯಾಟ್ ಕಾಗದವನ್ನೇ ಕೇಳಿ ಎಂದೆ. ಹೊಳೆಯುವ ಕಾಗದವಾದರೆ ಎದುರು ಗೋಡೆಯ ಟ್ಯೂಬ್‌ಲೈಟು ಚಿಗರಿಗಳ ನಟ್ಟನಡುವೆ ಬಂದು ನಿಲ್ಲುತ್ತದೆ.