‘ಇದರಲ್ಲಿ ಕಂಪ್ಯೂಟರ್ ಮಾಡಿದ್ದೆಷ್ಟು, ನೀವು ಮಾಡಿದ್ದೆಷ್ಟು?’

ನನ್ನ ಏಕವ್ಯಕ್ತಿ ಪ್ರದರ್ಶನಕ್ಕೆ ಬಂದವರು ಜಾಸ್ತಿ ಕೇಳಿದ್ದು ಇದನ್ನೇ. ಟ್ಯಾಬ್ಲೆಟ್‌ನಲ್ಲಿ ಶುರುವಾಗಿ ಕ್ಯಾನ್ವಾಸ್ ಮೇಲೆ ಮುಗಿದ ಚಿತ್ರಗಳು ಅವು. ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ‘ಸಿಕ್ಕಿಬಿದ್ರಿ’ ಅನ್ನುವ ಖುಷಿ ಇರುತ್ತದೆ! ಪಾಲು ಹಂಚಿ ಲೆಕ್ಕ ಕೊಡಲು ನನ್ನಿಂದ ಆಗುವುದಿಲ್ಲ. ಯಾವ ಕೆಲಸ ಎಲ್ಲಿ ನಡೆಯುತ್ತದೆ ಎಂದು ಮಾತ್ರ ಹೇಳಬಲ್ಲೆ.

ಟ್ಯಾಬ್ಲೆಟ್‌ನಲ್ಲಿ ನಡೆಯುವುದು ಬಹುಪಾಲು ಬೇಡದ್ದನ್ನು ಬಿಡುವ ಕೆಲಸ. ಹಿಂದಿನ ಗೋಡೆಗೆ ಹಳದಿ ಬಳಿದರೆ ಮುಖ ಎದ್ದು ಕಾಣುತ್ತದೋ, ಮಂಕಾಗುತ್ತದೋ? ಒಂದು ಲೇಯರ್, ಅಂದರೆ ಚಿತ್ರದ ಒಂದು ಪದರ, ಬದಲಿಸಿದರೆ ಗೊತ್ತಾಗುತ್ತದೆ. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದರೆ ನೆಳಲು-ಬೆಳಕು ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಎಡ-ಬಲ ತಿರುವಿದರೆ ವಾರೆಯಾದ ಮೂಗು ಥಟ್ಟನೆ ಕಾಣುತ್ತದೆ. ಇದೇನೂ ಹೊಸ ಉಪಾಯವಲ್ಲ. ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಪ್ಪು ಹುಡುಕಿ ಎಂದು ಲಿಯೊನಾರ್ಡೊ ಡಾ ವಿಂಚಿ ಬರೆದಿಟ್ಟಿದ್ದ. ಗಾಜಿನ ಚೌಕಟ್ಟಿನ ಮೂಲಕ ಎದುರಿಗಿರುವವರನ್ನು ನೋಡುತ್ತಾ ಗೆರೆ ಎಳೆಯುವ ಸಾಧನವನ್ನು ಜರ್ಮನಿಯ ಕಲಾವಿದ ಡ್ಯೂರರ್ 1525ರಲ್ಲೇ ಅಚ್ಚು ಹಾಕಿಸಿ ತೋರಿಸಿದ್ದ.

ಕಷ್ಟ ಶುರುವಾಗುವುದು ಆಮೇಲೆ. ಪರದೆ ತಾನೇ ಬೆಳಗುತ್ತದೆ. ಬಣ್ಣ ಬೆಳಗುವುದಿಲ್ಲ, ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಪರದೆಯ ಮೇಲೆ ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ. ಪ್ಯಾಲೆಟ್ ಮೇಲೆ ಕೆಂಪಿಗೆ ಹಸಿರು ಬೆರೆಸಿ ನೋಡಿ, ಮಣ್ಣಿನ ಬಣ್ಣ ಬರುತ್ತದೆ! ಹಾಗಾಗಿ ಟ್ಯಾಬ್ಲೆಟ್‌ನಲ್ಲಿ ಹೊಳೆಯುವ ಕೆಲವು ನೀಲಿ, ಹಸಿರು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ಆಗ ನಾನು ನೀಲಿಯ ತಂಟೆಗೆ ಹೋಗುವುದಿಲ್ಲ. ಅದರ ಸುತ್ತಲಿನ ಬಣ್ಣಗಳನ್ನು ತಗ್ಗಿಸುತ್ತೇನೆ, ಪಕ್ಕದಲ್ಲಿ ಕಿತ್ತಳೆ ಕಡೆಗೆ ವಾಲುವ ಬೂದು ಇಡುತ್ತೇನೆ. ಅದೇ ನೀಲಿ ಎದ್ದು ನಿಲ್ಲುತ್ತದೆ. ಇಷ್ಟಾದರೂ ಮುಗಿಯಲಿಲ್ಲ. ಅಕ್ರಿಲಿಕ್ ಬಣ್ಣ ಒದ್ದೆಯಿದ್ದಾಗ ಅದರಲ್ಲಿರುವ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿದಾಗ ತಿಳಿಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಎಣ್ಣೆಬಣ್ಣ ನೀರಿನಂತೆ ಆರುವುದೇ ಇಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಇದನ್ನೆಲ್ಲ ಯಾವ ಆ್ಯಪ್ ಕೂಡ ಮೊದಲೇ ಸರಿಯಾಗಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಅಳತೆಯದ್ದೂ ಒಂದು ಗೋಳು. ಟ್ಯಾಬ್ಲೆಟ್‌ನಲ್ಲಿ ಮಣಿಕಟ್ಟು ತಿರುಗಿಸಿ ಎಳೆದ ಗೆರೆಯನ್ನು ದೊಡ್ಡ ಕ್ಯಾನ್ವಾಸ್ ಮೇಲೆ ಭುಜದಿಂದ ಎಳೆಯಬೇಕು. ಪ್ರೊಜೆಕ್ಟರ್ ಹಾಕಿ ಬಿದ್ದ ಗೆರೆಯ ಮೇಲೆಯೇ ತಿದ್ದಿದರೆ ಗೆರೆ ಸತ್ತುಹೋಗುತ್ತದೆ. ಜಾಗ ಗುರುತಿಸಿಕೊಂಡು ಪ್ರೊಜೆಕ್ಟರ್ ಆರಿಸಿಬಿಡುತ್ತೇನೆ.

ಅರ್ಧ ಮುಗಿದ ಕ್ಯಾನ್ವಾಸಿನ ಫೋಟೊ ತೆಗೆದು ಮತ್ತೆ ಟ್ಯಾಬ್ಲೆಟ್‌ಗೆ ಹಾಕಿಕೊಳ್ಳುವುದೂ ಉಂಟು. ಮುಂದಿನ ಬಣ್ಣವನ್ನು ಅದರ ಮೇಲೆ ಹಚ್ಚಿ ನೋಡಿ ವಾಪಸ್ ಕ್ಯಾನ್ವಾಸಿಗೆ ಬರುತ್ತೇನೆ. ಹೀಗೆ ಹೋಗಿ ಬಂದು ಮಾಡಿದ ಚಿತ್ರದಲ್ಲಿ ಪಾಲು ಹಂಚುವುದು ಹೇಗೆ, ನೀವೇ ಹೇಳಿ.

ಈಗೀಗ ‘ಕಂಪ್ಯೂಟರ್’ ಎಂದಾಗ ಹಲವರು ಕೇಳುತ್ತಿರುವುದು ಎಐ ಬಗ್ಗೆ. ನಾನು ಅದನ್ನು ಬಳಸುವುದಿಲ್ಲ. ಏನಿಡಬೇಕು, ಏನು ಬಿಡಬೇಕು ಎಂದು ಒದ್ದಾಡುವುದೇ ನನಗೆ ಈ ಕೆಲಸದ ರುಚಿ, ಅದನ್ನು ಯಾಕೆ ಬಿಟ್ಟುಕೊಡಲಿ?

ನನ್ನ ತಕರಾರು ಇರುವುದು ಬೇರೆ ಕಡೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಮೇಲೆ ಸುಮ್ನೆ ಒಂದಿಷ್ಟು ಬಣ್ಣವಿಲ್ಲದ ದಪ್ಪ ಜೆಲ್ ಸವರಿ ‘ಪೇಂಟಿಂಗ್’ ಎಂದು ಮಾರುವವರಿದ್ದಾರೆ. ಪ್ರಿಂಟ್ ಕೀಳು ಅಂತಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಐಪ್ಯಾಡ್ ಚಿತ್ರಗಳ ದೊಡ್ಡ ಪ್ರಿಂಟ್‌ಗಳನ್ನು ತೂಗುಹಾಕಿದ್ದರು. ಅದೇ ಕೋಣೆಯಲ್ಲಿ 32 ಕ್ಯಾನ್ವಾಸ್ ಜೋಡಿಸಿದ ಎಣ್ಣೆಬಣ್ಣದ ಚಿತ್ರವೂ ಇತ್ತು. ಯಾವುದು ಯಾವುದು ಎಂದು ಅವರು ಮುಚ್ಚಿಡಲಿಲ್ಲ. ಚಿತ್ರದ ಪಕ್ಕದ ಚೀಟಿಯಲ್ಲಿ ‘ಪಿಗ್ಮೆಂಟ್ ಪ್ರಿಂಟ್ ಮತ್ತು ಅಕ್ರಿಲಿಕ್’ ಎಂದು, ಅಂದರೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಮೇಲೆ ಅಕ್ರಿಲಿಕ್ ಹಚ್ಚಿದ್ದು ಎಂದು, ಬರೆದರೆ ಸಾಕು, ಜಗಳವೇ ಇಲ್ಲ.

ಚೀಟಿಯಲ್ಲಿ ಏನೂ ಇಲ್ಲದಿದ್ದರೆ ಚಿತ್ರದ ಪಕ್ಕಕ್ಕೆ ಹೋಗಿ, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ. ಕುಂಚದ ಏರಿಳಿತ ಬಣ್ಣದ ಜೊತೆಗೇ ಸಾಗಿದೆಯೇ, ಇಲ್ಲ ಜೆಲ್ಲಿನ ಗೆರೆ ಒಂದು ಕಡೆ, ಚಿತ್ರದ ಗೆರೆ ಇನ್ನೊಂದು ಕಡೆ ಹೋಗುತ್ತಿದೆಯೇ? ಅನುಮಾನ ಬಂದರೆ ಭೂತಗನ್ನಡಿ ಹಿಡಿಯಿರಿ. ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ.