ತಲೆ ಎತ್ತಿದರೂ ತಪ್ಪು, ತಗ್ಗಿಸಿದರೂ ತಪ್ಪು

"ನಾನು ಮುಖ ನೋಡಿದ್ರೆ ದಿಟ್ಟಿಸಿ ನೋಡ್ತೀಯಾ ಅಂತ ಬೈತೀರಲ್ಲ ಸಾರ್."

ಮಂಗಳವಾರ ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಆಡಿದ ಮಾತಿದು. ಅವತ್ತಿನಿಂದ ಬಸ್ಸಿಗೆ ಕಾಯುವಾಗಲೂ, ನೋಟ್ಸ್ ತಿದ್ದುವಾಗಲೂ ಇದೇ ಕಿವಿಯಲ್ಲಿ. ಪಿಟಿ ಮೇಷ್ಟ್ರು "ಕಳ್ಳ ಅಲ್ಲದಿದ್ರೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು ನೋಡೋಣ" ಅಂದಿದ್ದರು. ಅದಕ್ಕೆ ಅವನು ನೆಲ ನೋಡಿಕೊಂಡೇ ಕೊಟ್ಟ ಉತ್ತರ ಇದು. ಅದರಲ್ಲಿ ಉದ್ಧಟತನ ಒಂಚೂರೂ ಇರಲಿಲ್ಲ. ನಿಜವಾಗಿಯೂ ಏನು ಮಾಡಬೇಕು ಅಂತ ತಿಳಿಯದೆ ಕೇಳುತ್ತಿದ್ದ.

ಕಳೆದುಹೋಗಿದ್ದು ಬೇಲೂರು, ಹಳೇಬೀಡು ಪ್ರವಾಸದ ದುಡ್ಡು. ಕ್ಲಾಸ್ ಲೀಡರ್ ಹುಡುಗಿ ಸಂಗ್ರಹ ಮಾಡಿ ಇಟ್ಟುಕೊಂಡಿದ್ದು ಬಿಸಿಯೂಟ ಮುಗಿಸಿ ಬರುವಷ್ಟರಲ್ಲಿ ಮಾಯ. ಊಟದ ಬೆಲ್ ಆದಮೇಲೆ ಈ ಹುಡುಗ ಕ್ಲಾಸ್ ರೂಮಿನಿಂದ ಹೊರಗೆ ಬಂದಿದ್ದನ್ನು ಯಾರೋ ನೋಡಿದ್ದರು. ಅದರ ಜೊತೆಗೆ, ಪ್ರವಾಸಕ್ಕೆ ಇನ್ನೂ ದುಡ್ಡು ಕಟ್ಟದೇ ಇದ್ದವನು ಇಡೀ ತರಗತಿಯಲ್ಲಿ ಅವನೊಬ್ಬ. ಬಡವರ ಮಕ್ಕಳ ಮೇಲೆ ಅನುಮಾನ ಬರೋದಕ್ಕೆ ಅಷ್ಟೇ ಸಾಕು, ಇದನ್ನು ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಕಟ್ಟಿದವರ ಮಕ್ಕಳಲ್ಲಿ ಒಬ್ಬರನ್ನೂ ಮೊದಲು ಕರೆಸಲಿಲ್ಲ.

ಪಿಟಿ ಮೇಷ್ಟ್ರು ಕೆಟ್ಟವರಲ್ಲ. ಖೋ ಖೋ ತಂಡದ ಮಕ್ಕಳಿಗೆ ಸ್ವಂತ ದುಡ್ಡಲ್ಲಿ ಬೂಟು ಕೊಡಿಸುತ್ತಾರೆ, ಜ್ವರ ಬಂದರೆ ಮನೆವರೆಗೂ ಬಿಟ್ಟು ಬರುತ್ತಾರೆ. ಆದರೆ ಕಳ್ಳನನ್ನು ಮುಖ ನೋಡಿಯೇ ಹಿಡಿಯುತ್ತೇನೆ ಅನ್ನುವ ನಂಬಿಕೆ ಅವರಿಗೆ ವಿಪರೀತ. ಅವರು ಕೇಳಿದ್ದು ಹೀಗೆ: "ನೀನೇ ತಾನೇ ತಗೊಂಡಿದ್ದು?" "ಯಾಕೋ ತಗೊಂಡೆ?" "ಎಲ್ಲಿ ಬಚ್ಚಿಟ್ಟಿದ್ದೀಯ?" ಯಾಕೆ ತಗೊಂಡೆ ಅಂತ ಕೇಳಿದರೆ, ತಗೊಂಡೇ ಇಲ್ಲದವನು ಏನು ಹೇಳಬೇಕು? ಹುಡುಗ "ಇಲ್ಲ ಸಾರ್" ಅನ್ನುತ್ತಿದ್ದ. ಪ್ರತಿ ಸಲವೂ ದನಿ ಸಣ್ಣಗಾಗುತ್ತಿತ್ತು. ದನಿ ಸಣ್ಣಗಾಗಿದ್ದೇ ಮೇಷ್ಟ್ರಿಗೆ ಇನ್ನೊಂದು ಸಾಕ್ಷಿಯಾಯಿತು. ಕೊನೆಗೆ, "ಒಪ್ಕೊಂಡ್ರೆ ಇಲ್ಲಿಗೇ ಬಿಡ್ತೀನಿ. ಇಲ್ಲಾಂದ್ರೆ ನಿಮ್ಮಪ್ಪನ್ನ ಕರೆಸಿ ಎಲ್ರ ಮುಂದೆ ಕೇಳ್ತೀನಿ" ಅಂದರು.

ಅಪ್ಪನ ಹೆಸರು ಕೇಳಿದ್ದೇ ತಡ, "ಆಯ್ತು ಸಾರ್, ನಾನೇ ತಗೊಂಡೆ" ಅಂದುಬಿಟ್ಟ.

ಮೇಷ್ಟ್ರು ನಮ್ಮೆಲ್ಲರ ಕಡೆ ತಿರುಗಿ ನೋಡಿದರು, ನೋಡಿದ್ರಾ ಅನ್ನುವ ಹಾಗೆ. ಅಷ್ಟರಲ್ಲಿ ಹೆಡ್ ಮಿಸ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ನೀವು ಗ್ರೌಂಡ್ ಕಡೆ ನೋಡ್ಕೊಳಿ ಸಾರ್, ನಾನು ಮಾತಾಡ್ತೀನಿ" ಅಂತ ಅವರನ್ನು ಕಳಿಸಿ, ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ನೀರು ಕೊಟ್ಟರು. ಎದುರಿಗೆ ಕೂರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕೂತರು. ಅವನು ಅವರ ಮುಖ ನೋಡುವ ಅಗತ್ಯವೇ ಇಲ್ಲದ ಹಾಗೆ.

"ಸರಿ ಮಗಾ. ದುಡ್ಡು ಎಲ್ಲಿತ್ತು?"

"ಬ್ಯಾಗಲ್ಲಿ ಮಿಸ್."

"ಬ್ಯಾಗಲ್ಲಿ ಹೆಂಗಿತ್ತು?"

"ಪರ್ಸಲ್ಲಿ... ಸಣ್ಣ ಪರ್ಸು."

"ಎಂಥೆಂಥ ನೋಟಿದ್ವು?"

"ಐನೂರರದ್ದು ಮಿಸ್. ಎಲ್ಲಾ ಐನೂರರದ್ದೇ."

ದುಡ್ಡು ಪರ್ಸಿನಲ್ಲಿ ಇರಲೇ ಇಲ್ಲ. ಜಾಮಿಟ್ರಿ ಬಾಕ್ಸಿನೊಳಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದು, ಮುಕ್ಕಾಲು ಪಾಲು ನೂರು ಮತ್ತು ಐವತ್ತರ ನೋಟುಗಳು. ನಮ್ಮ ಮಕ್ಕಳು ತರುವುದು ಅಂಥ ನೋಟುಗಳನ್ನೇ. ಇದು ಹೆಡ್ ಮಿಸ್‌ಗೆ ಗೊತ್ತಿತ್ತು, ಯಾಕೆಂದರೆ ಅವರು ಸ್ಟಾಫ್ ರೂಮಿಗೆ ಬರುವ ಮೊದಲೇ ಕ್ಲಾಸ್ ಲೀಡರನ್ನು ಒಬ್ಬಳನ್ನೇ ಕರೆದು, ಎಲ್ಲಿತ್ತು, ಹೇಗಿತ್ತು ಅಂತ ಕೇಳಿ, "ಇದನ್ನ ಯಾರ ಹತ್ರಾನೂ ಹೇಳ್ಬೇಡ" ಅಂದು ಬಂದಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ, ಮೇಷ್ಟ್ರಿಗೂ. ಹೇಳಿದ್ದಿದ್ದರೆ ಅವರು "ಜಾಮಿಟ್ರಿ ಬಾಕ್ಸಿಂದ ತಗೊಂಡ್ಯಾ?" ಅಂತಲೇ ಕೇಳಿಬಿಡುತ್ತಿದ್ದರು, ಹುಡುಗ "ಹೂಂ ಸಾರ್" ಅಂದಿರುತ್ತಿದ್ದ, ಕಥೆ ಅಲ್ಲಿಗೇ ಮುಗಿದು ಅವನು ಶಾಶ್ವತವಾಗಿ ಕಳ್ಳನಾಗಿರುತ್ತಿದ್ದ.

ಆ ರೂಮಿನಲ್ಲಿ ಅವತ್ತು ಸಿಕ್ಕಿಬಿದ್ದ ಸುಳ್ಳು ಅವನ ಒಪ್ಪಿಗೆ. ಇದನ್ನು ನೆನೆಸಿಕೊಂಡಾಗಲೆಲ್ಲ ಮೈ ಜುಮ್ಮೆನ್ನುತ್ತದೆ. "ಇಲ್ಲ ಸಾರ್" ಅಂದಿದ್ದು ನಿಜ, ಅದನ್ನು ಯಾರೂ ನಂಬಲಿಲ್ಲ. "ನಾನೇ ತಗೊಂಡೆ" ಅಂದಿದ್ದು ಸುಳ್ಳು, ಅದನ್ನು ತಕ್ಷಣ ನಂಬಿದರು.

ಆಮೇಲೆ ಹೆಡ್ ಮಿಸ್, "ಊಟದ ಬೆಲ್ ಹೊಡೀತಲ್ಲ, ಅಲ್ಲಿಂದ ಏನೇನಾಯ್ತು ಹೇಳು. ಅವಸರ ಇಲ್ಲ" ಅಂದರು. ಹುಡುಗ ಮೊದಲು ತಡವರಿಸಿದ, ಆಮೇಲೆ ಹರಿದುಬಂತು. ತಟ್ಟೆ ಬ್ಯಾಗಲ್ಲಿ ಮರೆತು ಹೋಗಿದ್ದು, ಅದನ್ನು ತರೋಕೆ ವಾಪಸ್ ಬಂದಿದ್ದು, ಸಾಲಿನಲ್ಲಿ ಕೊನೆಗೆ ನಿಂತಿದ್ದು, ತಟ್ಟೆ ತೊಳೆಯೋಕೆ ಹೋದರೆ ನಲ್ಲಿಯಲ್ಲಿ ನೀರು ನಿಂತಿದ್ದು, ಹಿಂದಿನ ಡ್ರಮ್ಮಿಗೆ ಎಂಜಲು ತಟ್ಟೆ ಅದ್ದಿದ್ದಕ್ಕೆ ಅಡುಗೆ ಅಕ್ಕ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಿದ್ದು. ಮಿಸ್ ಮಧ್ಯದಲ್ಲಿ ಬಾಯಿ ಹಾಕಲಿಲ್ಲ, "ಹೂಂ, ಆಮೇಲೆ?" ಅನ್ನುವುದೊಂದು ಬಿಟ್ಟು. ಯಾರೂ ಕೇಳದಿದ್ದ ವಿಷಯವನ್ನೆಲ್ಲ ಅವನು ತಾನಾಗೇ ಹೇಳುತ್ತಿದ್ದ. ಅದರಲ್ಲಿ ಹೋಗಿ ವಿಚಾರಿಸಬಹುದಾದ ಸಂಗತಿಗಳಿದ್ದವು, ಮಿಸ್ ಎದ್ದುಹೋಗಿ ಅಡುಗೆ ಅಕ್ಕನನ್ನು ಕೇಳಿಯೂ ಬಂದರು. "ಆ ತರಲೇನಾ? ಡ್ರಮ್ ನೀರೆಲ್ಲಾ ಹಾಳು ಮಾಡ್ದ ಮಿಸ್!" ಅಂದರಂತೆ ಅಕ್ಕ.

ಅದೇ ದಿನ ಮಿಸ್ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರನ್ನೂ ಕೇಳಿದರು. ಇಬ್ಬರೂ ಒಟ್ಟಿಗೇ ಕೂತು ಊಟ ಮಾಡಿದ್ವಿ ಅಂತ, ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಥರ ಹೇಳಿದರು. ಮಿಸ್ ಒಬ್ಬೊಬ್ಬರನ್ನೇ ಬೇರೆ ಕರೆದು, "ಊಟದ ಜೊತೆ ಏನು ಕೊಟ್ರು?" ಅಂದರು. ಇಬ್ಬರೂ ಮೊಟ್ಟೆ ಅಂದರು. ಅವತ್ತು ಮೊಟ್ಟೆ ಬಂದಿರಲಿಲ್ಲ, ಎಲ್ಲರಿಗೂ ಬಾಳೆಹಣ್ಣು. "ಮೊಟ್ಟೆ ತಿಂದ್ಯಾ?" ಅಂತ ಕೇಳಿದ್ದರೆ ಹೆದರಿದ ಒಳ್ಳೆ ಹುಡುಗನೂ ತಲೆಯಾಡಿಸುತ್ತಿದ್ದ, "ಏನು ಕೊಟ್ರು" ಅಂತ ಕೇಳಿದ್ದಕ್ಕೇ ಆ ಉತ್ತರಕ್ಕೆ ಬೆಲೆ. ಆಮೇಲೆ ಗೊತ್ತಾಗಿದ್ದು ಇಷ್ಟು: ಅವರು ಕಾಂಪೌಂಡ್ ಹಾರಿ ಅಂಗಡಿ ಹತ್ತಿರ ಮೊಬೈಲ್ ಗೇಮ್ ಆಡೋಕೆ ಹೋಗಿದ್ದರು. ಅಂಗಡಿಯವರೂ ಹೌದು ಅಂದರು. ಸುಳ್ಳು ಹೇಳಿದ್ದು ಖರೆ, ದುಡ್ಡಿಗೂ ಅವರಿಗೂ ಸಂಬಂಧ ಇಲ್ಲ. "ಸುಳ್ಳು ಸಿಕ್ತು ಅಂದ ಮಾತ್ರಕ್ಕೆ ಕಳ್ಳ ಸಿಕ್ಕಿದ ಹಾಗಲ್ಲ" ಅಂತ ಮಿಸ್ ನಮಗೆ ಹೇಳಿದರು. ಅವರ ಮೇಲೆ ಮೊದಲಿನಿಂದಲೂ ನನಗೆ ಗೌರವ ಇತ್ತು, ಈ ವಾರ ಅದು ದುಪ್ಪಟ್ಟಾಯಿತು.

ಇದಾದಮೇಲೆ ರಾತ್ರಿ ಎಲ್ಲಾ ಕೂತು ಹುಡುಕಿ ಓದಿದೆ. ಸುಳ್ಳು ಹೇಳುವವರು ಹೇಗಿರುತ್ತಾರೆ ಅಂತ ಸಂಶೋಧಕರ ತಂಡವೊಂದು 75 ದೇಶಗಳ ಜನರನ್ನು ವಿಚಾರಿಸಿ 2006ರಲ್ಲಿ ಪ್ರಕಟಿಸಿತ್ತು. ಬಹುತೇಕ ದೇಶಗಳಲ್ಲಿ ಹೆಚ್ಚು ಬಂದ ಉತ್ತರ ಒಂದೇ, ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಅಂತ. ಲೋಕವೆಲ್ಲಾ ಇದನ್ನು ನಂಬಿದೆ, ಆದರೆ ಅಳೆದು ನೋಡಿದ ಅಧ್ಯಯನಗಳಲ್ಲಿ ಕಣ್ಣಿಗೂ ಸುಳ್ಳಿಗೂ ನಂಬಬಹುದಾದ ನಂಟು ಸಿಕ್ಕಿಲ್ಲ. ಅದೇ ವರ್ಷ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ, ಬಾಂಡ್ ಮತ್ತು ಡಿಪಾಲೊ ಅನ್ನುವವರದ್ದು, ಸುಮ್ಮನೆ ನೋಡಿ ಕೇಳಿ ನಿಜ ಸುಳ್ಳು ಹೇಳುವುದರಲ್ಲಿ ಮನುಷ್ಯರು ಸರಿ ಬರುವುದು ಸರಾಸರಿ ನೂರಕ್ಕೆ 54 ಸಲ ಅನ್ನುತ್ತದೆ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಇಷ್ಟು ಬಲದ ಮೇಲೆ ನಾವು ಮಕ್ಕಳ ಹಣೆಬರಹ ಬರೆಯುತ್ತಿದ್ದೇವೆ.

ಅದರ ಮೇಲೆ ನಮ್ಮ ಕಡೆಯ ರೂಢಿ ಬೇರೆ. ದೊಡ್ಡವರು ಬೈಯುವಾಗ ಮುಖ ನೋಡಿದರೆ ಕೊಬ್ಬು ಅನ್ನುತ್ತೇವೆ. "ಕಣ್ಣು ಬಿಟ್ಕೊಂಡು ಏನೋ ನೋಡ್ತೀಯ" ಅಂತ ಅಂಗನವಾಡಿಯಿಂದಲೂ ಕೇಳಿಸಿಕೊಂಡು ಬೆಳೆದ ಮಗುವಿಗೆ ತಲೆ ತಗ್ಗಿಸುವುದೇ ಮರ್ಯಾದೆ. ನಾವೇ ಕಲಿಸಿದ ಮರ್ಯಾದೆಯನ್ನು ಅವನು ಪಾಲಿಸಿದ, ನಾವು ಅದನ್ನೇ ಕಳ್ಳತನದ ಗುರುತು ಅಂದೆವು. ಆ ಹುಡುಗನ ಒಂದು ವಾಕ್ಯದಲ್ಲಿ ಇದೆಲ್ಲಾ ಇತ್ತು, ಅದಕ್ಕೇ ಅದು ನನ್ನನ್ನು ಬಿಡುತ್ತಿಲ್ಲ.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಆಲ್ಡರ್ಟ್ ವ್ರೈ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಂತೂ ನಮ್ಮ ಶಾಲೆಯಲ್ಲೇ ನಡೆದಂತಿದೆ. ಕೆಲವು ಜೋಡಿಗಳು ನಿಜವಾಗಿಯೂ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡಿದವು. ಉಳಿದ ಜೋಡಿಗಳು ಊಟಕ್ಕೆ ಹೋಗದೆ ಒಂದು ಪರ್ಸಿನಿಂದ ದುಡ್ಡು ತೆಗೆದು, ಊಟ ಮಾಡುತ್ತಿದ್ದೆವು ಅಂತ ಹೇಳಬೇಕಿತ್ತು. ಏನು ಮಾಡಿದಿರಿ ಅನ್ನುವ ಮಾಮೂಲಿ ಪ್ರಶ್ನೆಗೆ ಸುಳ್ಳಿನ ಜೋಡಿಗಳು ತಯಾರಾಗಿಯೇ ಬಂದಿದ್ದವು, ಅದರಿಂದ ಏನೂ ಗೊತ್ತಾಗಲಿಲ್ಲ. ಹೋಟೆಲಿನ ಒಳಗೆ ಏನೇನು ಎಲ್ಲೆಲ್ಲಿತ್ತು ಅಂತ ಬೇರೆ ಬೇರೆಯಾಗಿ ಚಿತ್ರ ಬರೆಸಿದಾಗ ಮಾತ್ರ ಬಣ್ಣ ಬಯಲಾಯಿತು. ಎರಡು ಚಿತ್ರಗಳನ್ನು ಹೋಲಿಸಿ ನೋಡಿದರೆ ಸುಮಾರು ನೂರಕ್ಕೆ 80ರಷ್ಟು ಜೋಡಿಗಳನ್ನು ಸರಿಯಾಗಿ ವಿಂಗಡಿಸಲು ಆಯಿತು. ನಮ್ಮ ಹೆಡ್ ಮಿಸ್ ಇದನ್ನು ಓದಿದವರಲ್ಲ, ಕೇಳಿದೆ. "ಮಕ್ಕಳು ಒಂದೇ ಥರ ಹೇಳಿದ್ರೆ ನಂಗೆ ಅನುಮಾನ, ಅಷ್ಟೇ" ಅಂದರು.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಇದ್ದದ್ದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥ. ಅದರ ನಾಲ್ಕನೇ ಅಧಿಕರಣದ, ಅಂದರೆ ಭಾಗದ, ಎಂಟನೇ ಅಧ್ಯಾಯ ಪೂರ್ತಿ ಶಂಕಿತನ ವಿಚಾರಣೆಯದ್ದೇ. ಅವನ ಊರು, ಹೆಸರು, ಕಸುಬು, ಸಹಾಯಕರು, ವಾಸ ಎಲ್ಲಾ ಕೇಳಿ, ಅದನ್ನು ಬೇರೆಯವರ ಮಾತಿನ ಜೊತೆ ಹೋಲಿಸಿ ನೋಡಬೇಕು. ಆಮೇಲೆ ಹಿಂದಿನ ದಿನ ಎಲ್ಲೆಲ್ಲಿ ಓಡಾಡಿದ, ರಾತ್ರಿ ಎಲ್ಲಿ ತಂಗಿದ್ದ, ಹಿಡಿಯುವ ತನಕದ್ದನ್ನೂ ಕೇಳಬೇಕು. "ಬೆಲ್ ಹೊಡೀತಲ್ಲ, ಅಲ್ಲಿಂದ ಹೇಳು" ಅಂದಿದ್ದೂ ಅದೇ ದಾರಿ. ಮೂರು ರಾತ್ರಿ ಕಳೆದ ಮೇಲೆ ಬರೀ ಶಂಕೆಯ ಮೇಲೆ ಹಿಡಿಯಬಾರದು, ಆಗ ಕೇಳಿ ಪ್ರಯೋಜನ ಇಲ್ಲ ಅಂತಲೂ ಇದೆ. ಅದೇ ಅಧ್ಯಾಯದಲ್ಲಿ ಮಾಂಡವ್ಯನ ಮಾತು ಬರುತ್ತದೆ: ಹಿಂಸೆಗೆ ಹೆದರಿ, ಕಳ್ಳನಲ್ಲದಿದ್ದರೂ ನಾನು ಕಳ್ಳ ಅಂದವನು. ಹಾಗಾಗಿ ಬರೀ ಒಪ್ಪಿಗೆ ಸಾಲದು, ಪೂರ್ತಿ ಪುರಾವೆ ಬೇಕು ಅನ್ನುತ್ತಾನೆ ಕೌಟಿಲ್ಯ. ದಂಡನೆ, ಚಿತ್ರಹಿಂಸೆ ಎಲ್ಲವನ್ನೂ ಅದೇ ಗ್ರಂಥದಲ್ಲಿ ವಿವರವಾಗಿ ಬರೆದ ಮನುಷ್ಯ ಆತ. ಅಂಥವನಿಗೂ ಮಾಂಡವ್ಯನ ಭಯ ಅರ್ಥವಾಗಿತ್ತು.

ನಮ್ಮ ಕಾನೂನಿಗೂ ಅರ್ಥವಾಗಿದೆ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ಅವನ ವಿರುದ್ಧ ಸಾಬೀತಿಗೆ ಬರುತ್ತಿರಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ಮಾತು ಉಳಿದಿದೆ. ಬೆಂಗಳೂರಿನ ಮಂಪರು ಪರೀಕ್ಷೆಗಳ ಸುದ್ದಿ ಟಿವಿಯಲ್ಲಿ ಎಷ್ಟು ಬರುತ್ತಿತ್ತು, ನೆನಪಿದೆಯಲ್ಲ? 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಂಪರು ಪರೀಕ್ಷೆ, ಪಾಲಿಗ್ರಾಫ್ ಅನ್ನುವ ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಅಲೆ ಅಳೆಯುವ ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಅಂದಿತು. ಕೊಲೆ ಆರೋಪಿಗೆ ಇಷ್ಟು ರಕ್ಷಣೆ ಇದೆ, ಇರಲೇಬೇಕು. ಹದಿಮೂರು ವರ್ಷದ ಮಗುವಿಗೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೈ ಎತ್ತದಿದ್ದರೆ ಸಾಕು ಅಂದುಕೊಂಡಿರುವ ಶಿಕ್ಷಕರು ನಮ್ಮಲ್ಲಿ ಬಹಳ ಜನ ಇದ್ದಾರೆ. ಎಲ್ಲರ ಮುಂದೆ ನಿಲ್ಲಿಸಿ "ನೀನೇ ತಾನೇ" ಅಂತ ಕೇಳುವುದು ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಅವರು ಯೋಚಿಸಲಿ.

ದುಡ್ಡು ಇನ್ನೂ ಸಿಕ್ಕಿಲ್ಲ. ಶಿಕ್ಷಕರೆಲ್ಲ ಸೇರಿ ಹಾಕಿ ಪ್ರವಾಸ ನಡೆಸುವುದು ಅಂತಾಗಿದೆ, ಆ ಹುಡುಗನನ್ನೂ ಕರೆದುಕೊಂಡು. ಗುರುವಾರ ಪ್ರಾರ್ಥನೆ ಮುಗಿದಮೇಲೆ ಹೆಡ್ ಮಿಸ್, ಅವನ ಹೆಸರು ಹಿಡಿದು, "ಇವನು ತಗೊಂಡಿಲ್ಲ, ವಿಚಾರಿಸಿ ನೋಡಿ ಹೇಳ್ತಿದ್ದೀನಿ" ಅಂತ ಇಡೀ ಶಾಲೆಯ ಮುಂದೆ ಹೇಳಿದರು. ಆದರೂ ನಿನ್ನೆ ಆಟದ ಪೀರಿಯಡ್ಡಿನಲ್ಲಿ ಯಾರೋ ಅವನನ್ನು "ಲೇ ಜಾಮಿಟ್ರಿ" ಅಂತ ಕೂಗಿದ್ದು ಕಿವಿಗೆ ಬಿತ್ತು. ಕೂಗಿದವನನ್ನು ಮೊದಲು ತಡೆದದ್ದು ಪಿಟಿ ಮೇಷ್ಟ್ರೇ, ಅದನ್ನೂ ಹೇಳಬೇಕು.

ಸಂಜೆ ಅವರು ನನ್ನ ಹತ್ತಿರ ಬಂದು, "ಹಿಂಗೆ ನಿಧಾನಕ್ಕೆ ಕೇಳ್ತಾ ಕೂತ್ರೆ ನಿಜವಾದ ಕಳ್ಳ ತಪ್ಪಿಸ್ಕೊಳ್ಳಲ್ವಾ?" ಅಂದರು. ತಪ್ಪಿಸಿಕೊಳ್ಳಬಹುದು, ಈಗ ತಪ್ಪಿಸಿಕೊಂಡೂ ಇದ್ದಾನೆ ಅಂದೆ. ಆದರೆ ಮಂಗಳವಾರ ಆ ಒಪ್ಪಿಗೆಯನ್ನು ನಾವು ಹಾಗೇ ತಗೊಂಡಿದ್ದರೆ, ಆಗಲೂ ಅವನು ತಪ್ಪಿಸಿಕೊಂಡೇ ಇರುತ್ತಿದ್ದ, ಯಾರೂ ಹುಡುಕುತ್ತಲೂ ಇರುತ್ತಿರಲಿಲ್ಲ. ಅವರು ಏನೂ ಹೇಳಲಿಲ್ಲ. ಶನಿವಾರದ ಸ್ಟಾಫ್ ಮೀಟಿಂಗಿಗೆ ನಾನು ಬರೆದುಕೊಟ್ಟಿರುವ ವಿಷಯ ಇಷ್ಟು: ಯಾವ ಮಗುವನ್ನೂ ನಾಲ್ಕು ಜನರ ಮುಂದೆ ನಿಲ್ಲಿಸಿ ವಿಚಾರಿಸಬಾರದು, ಒಬ್ಬರೇ, ಕೂರಿಸಿ ಕೇಳಬೇಕು, ಮತ್ತು ಮಗು ಒಪ್ಪಿಕೊಂಡರೂ ವಿಚಾರಣೆ ಅಲ್ಲಿಗೆ ನಿಲ್ಲಬಾರದು. ಸಹಿ ಹಾಕಿದವರಲ್ಲಿ ಅವರ ಹೆಸರು ಇನ್ನೂ ಇಲ್ಲ.