ಮುಟ್ಟಿನ ನೋವಿಗೆ ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲವೇ?

ಗೋಕಾಕದಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. ಹನ್ನೊಂದು ವರ್ಷದಿಂದ ಕೌಂಟರಿನಲ್ಲಿ ನಾನೇ ಇರುತ್ತೇನೆ. ಈ ಪ್ರಶ್ನೆ ಯಾವಾಗ ಬರುತ್ತದೆ ಅನ್ನುವುದು ಈಗ ಮುಖ ನೋಡಿದರೇ ಗೊತ್ತಾಗುತ್ತದೆ. ಕಾಲೇಜು ಹುಡುಗಿ ಬರುತ್ತಾಳೆ. ಅಂಗಡಿಯಲ್ಲಿ ಗಂಡಸರಿದ್ದರೆ ಪಕ್ಕದ ಜೆರಾಕ್ಸ್ ಅಂಗಡಿಯ ಕಟ್ಟೆ ಹತ್ತಿರ ಹೋಗಿ ಸುಮ್ನೆ ನಿಲ್ಲುತ್ತಾಳೆ. ಅವರೆಲ್ಲ ಹೋದ ಮೇಲೆ ಬಂದು ಡಾಕ್ಟರ ಚೀಟಿ ಮುಂದಿಡುತ್ತಾಳೆ. ನಾನು ಗುಳಿಗೆ ಕತ್ತರಿಸಿ ಕೊಡುವಾಗ ದನಿ ತಗ್ಗಿಸಿ ಕೇಳುತ್ತಾಳೆ.

“ಅಕ್ಕಾರ, ಇದನ್ನ ನುಂಗಿದ್ರ ಮುಂದ ಮಕ್ಕಳಾಗಂಗಿಲ್ಲ ಅಂತಾರ, ಖರೇ ಏನ್ರಿ?”

ತಾಯಂದಿರೂ ಕೇಳುತ್ತಾರೆ. ಅಜ್ಜಿಯರು ಕೇಳುವುದಿಲ್ಲ, ಖರೇ ಅಂತ ಹೇಳಿಯೇ ಬಿಡುತ್ತಾರೆ.

ಖರೇ ಅಲ್ಲ. ಮುಟ್ಟಿನ ಎರಡು ಮೂರು ದಿನ, ಡಾಕ್ಟರು ಹೇಳಿದ ಅಳತೆಯಲ್ಲಿ ತಗೊಳ್ಳುವ ನೋವಿನ ಗುಳಿಗೆಯಿಂದ ಗರ್ಭಕೋಶ ಕೆಡುವುದಿಲ್ಲ. ಮಕ್ಕಳಾಗುವುದು ನಿಲ್ಲುವುದಿಲ್ಲ. ಕೌಂಟರಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಾರೆ, ಹುಡುಗಿ ಪೊಟ್ಟಣ ಮುಚ್ಚಿಕೊಂಡು ಹೊರಟುಬಿಡುತ್ತಾಳೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನೋವು ಯಾಕೆ ಬರುತ್ತದೆ ನೋಡೋಣ. ಮುಟ್ಟು ಹತ್ತಿರ ಬಂದಾಗ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ, ಪದರ ಹೊರಗೆ ಹೋಗಲಿ ಅಂತ. ಅದು ಜಾಸ್ತಿ ಆದವರಲ್ಲಿ ಹಿಂಡುವುದೂ ಜಾಸ್ತಿ. ಆ ಬಿಗಿಗೆ ಸ್ನಾಯುವಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಆ ನೋವೇ ಹೊಟ್ಟೆಯಿಂದ ಸೊಂಟಕ್ಕೆ, ತೊಡೆಗೆ ಇಳಿಯುವುದು. ಇದೇ ವಸ್ತು ಕರುಳನ್ನೂ ಕೆಣಕುತ್ತದೆ. ಅದಕ್ಕೇ ಆ ದಿನ ಕೆಲವರಿಗೆ ಭೇದಿ, ಕೆಲವರಿಗೆ ವಾಂತಿ. “ನಿನ್ನೆ ಏನರ ತಿಂದಿದ್ದಿ” ಅಂತ ಮನೆಯವರು ಅವಳನ್ನೇ ಬೈಯುತ್ತಾರೆ, ಪಾಪ.

ಇದು ತಿಳಿದದ್ದು ಹೇಗೆ ಅನ್ನುವುದು ನನಗೆ ಬಹಳ ಇಷ್ಟವಾದ ಕಥೆ. ಒಂದು ಕಾಲದಲ್ಲಿ ಓದಿದ ಡಾಕ್ಟರುಗಳೇ ಈ ನೋವು ಮನಸ್ಸಿನದು, ಹೆದರಿಕೆಯದು ಅನ್ನುತ್ತಿದ್ದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವರ್ನನ್ ಪಿಕಲ್ಸ್ ಅನ್ನುವ ವಿಜ್ಞಾನಿ ಮುಟ್ಟಿನ ರಕ್ತವನ್ನೇ ಪರೀಕ್ಷೆಗೆ ತೆಗೆದುಕೊಂಡರು. ಅದರಲ್ಲಿ ಸ್ನಾಯುವನ್ನು ಹಿಂಡುವ ಯಾವುದೋ ವಸ್ತು ಇದೆ ಅಂತ 1957ರಲ್ಲಿ ಬರೆದರು. 1965ರ ಹೊತ್ತಿಗೆ ಅದು ಪ್ರೊಸ್ಟಗ್ಲಾಂಡಿನ್ ಅಂತ ಗೊತ್ತಾಗಿತ್ತು, ನೋವು ತಿನ್ನುವವರಲ್ಲಿ ಅದು ಹೆಚ್ಚು ಅನ್ನುವುದೂ ಗೊತ್ತಾಗಿತ್ತು. ನಾವು ಮೈಲಿಗೆ ಅಂತ ಮುಟ್ಟಿಸಿಕೊಳ್ಳದ ರಕ್ತವೇ ಸಾಕ್ಷಿ ಹೇಳಿತು. ಆ ಹೆಣ್ಣುಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ.

ಪ್ರೊಸ್ಟಗ್ಲಾಂಡಿನ್ ಅನ್ನು ವೈರಿ ಅಂದುಕೊಳ್ಳಬೇಡಿ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೂ ಅದಕ್ಕೂ ದೊಡ್ಡ ನಂಟಿದೆ. ಮಿಸೊಪ್ರೊಸ್ಟಾಲ್ ಅನ್ನುವುದು ಕಾರ್ಖಾನೆಯಲ್ಲಿ ತಯಾರಿಸಿದ ಪ್ರೊಸ್ಟಗ್ಲಾಂಡಿನ್ ಜಾತಿಯ ಔಷಧಿ. ಹೆರಿಗೆ ಆದ ಕೂಡಲೇ ಕೊಟ್ಟರೆ ಗರ್ಭಕೋಶ ಬಿಗಿಯಾಗಿ ರಕ್ತ ಹರಿಯುವುದು ತಗ್ಗುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇದನ್ನು ಇಲ್ಲಿನ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ನರ್ಸಮ್ಮಂದಿರು. ಹೆರಿಗೆ ನಂತರದ ರಕ್ತಸ್ರಾವ 100ಕ್ಕೆ 12 ಮಂದಿಯಲ್ಲಿ ಆಗುತ್ತಿದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇದನ್ನು ಹೇಳಿದಾಗ ಹುಡುಗಿಯರ ಕಣ್ಣು ದೊಡ್ಡದಾಗುತ್ತದೆ. ಬಾಣಂತಿಯ ಜೀವ ಉಳಿಸುವ ಹಿಂಡಿಕೆ, ಮುಟ್ಟಿನ ದಿನ ಅವಳನ್ನು ನೆಲಕ್ಕೆ ಕೆಡವುವ ಹಿಂಡಿಕೆ, ಎರಡೂ ಒಂದೇ ಬಗೆಯದು.

ಇನ್ನು ಗುಳಿಗೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಇವೆಲ್ಲ ಒಂದೇ ಗುಂಪಿನವು. ದೇಹ ಪ್ರೊಸ್ಟಗ್ಲಾಂಡಿನ್ ತಯಾರಿಸುವುದನ್ನೇ ಇವು ತಡೆಯುತ್ತವೆ. ಆಸ್ಪಿರಿನ್ ಜಾತಿಯ ಔಷಧಿಗಳು ಕೆಲಸ ಮಾಡುವುದು ಹೀಗೆ ಅಂತ ಜಾನ್ ವೇನ್ ಅನ್ನುವ ವಿಜ್ಞಾನಿ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು. ಅಂದರೆ ಈ ಗುಳಿಗೆ ಗರ್ಭಕೋಶಕ್ಕೆ ಮಂಪರು ಹಾಕುವುದಿಲ್ಲ, ಅದನ್ನು ಒಣಗಿಸುವುದೂ ಇಲ್ಲ. ಎರಡು ದಿನದ ಅತಿ ಹಿಂಡುವಿಕೆಯನ್ನು ತಗ್ಗಿಸುತ್ತದೆ. ಔಷಧಿ ಮೈಯಿಂದ ಹೋದ ಮೇಲೆ ಅದರ ಕೆಲಸವೂ ಮುಗಿಯಿತು.

ಇದರಿಂದಲೇ ಇನ್ನೊಂದು ಮಾತೂ ತಿಳಿಯುತ್ತದೆ. ಪ್ರೊಸ್ಟಗ್ಲಾಂಡಿನ್ ತುಂಬಿಕೊಂಡ ಮೇಲೆ ಗುಳಿಗೆ ನುಂಗಿದರೆ ಬಹಳ ಉಪಯೋಗವಿಲ್ಲ. ನಮ್ಮ ಹುಡುಗಿಯರು ತಡೆದು ತಡೆದು, ಹಲ್ಲು ಕಚ್ಚಿ, ಇನ್ನು ಆಗಲ್ಲ ಅಂದಾಗ ನುಂಗುತ್ತಾರೆ. ಆಮೇಲೆ “ನನಗ ಗುಳಿಗಿ ನಾಟಂಗಿಲ್ರಿ” ಅನ್ನುತ್ತಾರೆ. ಮುಟ್ಟು ಶುರುವಾದ ಕೂಡಲೇ, ಅಥವಾ ನೋವಿನ ಮೊದಲ ಸುಳಿವು ಸಿಕ್ಕಾಗಲೇ ತಗೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಬೇಡ. ಅರ್ಧ ರೊಟ್ಟಿಯನ್ನಾದರೂ ತಿನ್ನಿ.

ಹಾಗಂತ ಗುಳಿಗೆ ಎಲ್ಲರಿಗೂ ನಾಟುತ್ತದೆ ಅಂತ ನಾನು ಹೇಳುವುದಿಲ್ಲ. ಕಾಕ್ರೇನ್ ಅನ್ನುವ ಸಂಸ್ಥೆ ಬೇರೆ ಬೇರೆ ಕಡೆಯ ಪ್ರಯೋಗಗಳನ್ನು ಕೂಡಿಸಿ ತೂಗಿ ನೋಡುತ್ತದೆ. 2015ರಲ್ಲಿ 80 ಪ್ರಯೋಗಗಳನ್ನು, 5,820 ಹೆಂಗಸರ ಲೆಕ್ಕವನ್ನು ನೋಡಿದರು. ಔಷಧಿ ಇಲ್ಲದ ಸುಳ್ಳು ಗುಳಿಗೆ ಕೊಟ್ಟಾಗ 100ಕ್ಕೆ 18 ಮಂದಿಗೆ ಒಳ್ಳೆಯ ಆರಾಮ ಸಿಗುವ ಕಡೆ, ನಿಜವಾದ ಗುಳಿಗೆಯಿಂದ 45ರಿಂದ 53 ಮಂದಿಗೆ ಸಿಗುತ್ತದೆ. ದೊಡ್ಡ ವ್ಯತ್ಯಾಸವೇ. ಆದರೆ ಉಳಿದ ಅರ್ಧ ಮಂದಿ? ನನಗೆ ಚಿಂತೆ ಇರುವುದು ಅವರದೇ.

ನಮ್ಮ ದೊಡ್ಡಪ್ಪನ ಮಗಳು ಆ ಅರ್ಧದಲ್ಲಿ ಒಬ್ಬಳು. ಪಿಯುಸಿಯಲ್ಲಿದ್ದಾಗ ಶುರುವಾದ ನೋವು ವರ್ಷ ಕಳೆದಂತೆ ಬೆಳೆಯಿತು. ಮೊದಲು ಒಂದು ದಿನ, ಆಮೇಲೆ ಮೂರು, ಆಮೇಲೆ ಮುಟ್ಟಿಗೆ ನಾಲ್ಕು ದಿನ ಮೊದಲಿಂದಲೇ. ಸಂಡಾಸಿಗೆ ಕೂತರೂ ಜೀವ ಹೋದಂತೆ ನೋವು. ತೋರಿಸಿದ ಡಾಕ್ಟರು “ಮದುವಿ ಆದ ಮ್ಯಾಲೆ ಎಲ್ಲಾ ಸರಿ ಹೋಗತೈತಿ” ಅಂದರು. ಮದುವೆಯೂ ಆಯಿತು. ನೋವು ಹೋಗಲಿಲ್ಲ, ಮಕ್ಕಳೂ ಆಗಲಿಲ್ಲ. ಆಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಗುಳಿಗಿ ನುಂಗಿ ನುಂಗಿ ಹೊಟ್ಟಿ ಕೆಡಿಸಿಕೊಂಡಳು. ಅತ್ತೆ ಮನೆಯಲ್ಲಿ ಅಂದರು, ಅವಳ ಹಡೆದವ್ವನೂ ಅಂದಳು. ಒಂಬತ್ತು ವರ್ಷದ ಮೇಲೆ ಬೆಳಗಾವಿಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿದಾಗ ಎರಡೂ ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗಂಟುಗಳು. ಚಾಕಲೇಟ್ ಸಿಸ್ಟ್ ಅನ್ನುತ್ತಾರೆ. ಅದು ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರದಂಥ ಪದರವೇ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 100ಕ್ಕೆ 10 ಮಂದಿಗೆ ಇದು ಇರುತ್ತದೆ. ಮಕ್ಕಳಾಗಲು ತೊಂದರೆ ಕೊಡುವುದು ಈ ಕಾಯಿಲೆ, ಗುಳಿಗೆ ಅಲ್ಲ. ನೋವು ಜಾಸ್ತಿ ಇದ್ದವಳೇ ಗುಳಿಗೆ ಜಾಸ್ತಿ ನುಂಗುತ್ತಾಳೆ. ಆ ನೋವು ಈ ಕಾಯಿಲೆಯದಾಗಿದ್ದರೆ ಅವಳಿಗೇ ಮುಂದೆ ಮಕ್ಕಳಾಗುವುದು ತಡವಾಗಬಹುದು. ಊರವರಿಗೆ ಕಾಣುವುದು ಗುಳಿಗೆ ಮತ್ತು ಖಾಲಿ ತೊಟ್ಟಿಲು. ನಡುವಿನ ಕಾಯಿಲೆ ಕಾಣುವುದಿಲ್ಲ. ಈ ಮಾತು ಹುಟ್ಟಿದ್ದು ಹೀಗೆಯೇ ಅಂತ ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲೇ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕನಿಗೆ ಆಪರೇಷನ್ ಆಯಿತು, ಚಿಕಿತ್ಸೆ ಆಯಿತು, ಈಗ ಒಬ್ಬ ಮಗಳಿದ್ದಾಳೆ. ಆದರೆ ಆ ಒಂಬತ್ತು ವರ್ಷದ ಮಾತುಗಳನ್ನು ಅವಳು ಇನ್ನೂ ಮರೆತಿಲ್ಲ.

ಆದ್ದರಿಂದ ಗುಳಿಗೆಯನ್ನು ಸರಿಯಾದ ಹೊತ್ತಿಗೆ ನುಂಗಿದರೂ ಎರಡು ಮೂರು ತಿಂಗಳು ನೋವು ತಗ್ಗದಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ವರ್ಷದಿಂದ ವರ್ಷಕ್ಕೆ ನೋವು ಏರುತ್ತಿದ್ದರೆ, ಮುಟ್ಟಿಲ್ಲದ ದಿನವೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಸಂಡಾಸಿಗೆ ಹೋಗುವಾಗ ಅಥವಾ ಗಂಡನ ಜೊತೆ ಕೂಡುವಾಗ ನೋವಿದ್ದರೆ, ಇಷ್ಟು ದಿನ ಇಲ್ಲದ ನೋವು ಮೂವತ್ತು ದಾಟಿದ ಮೇಲೆ ಶುರುವಾದರೆ ತಡ ಮಾಡಲೇಬೇಡಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ. ಎಂಡೊಮೆಟ್ರಿಯೋಸಿಸ್ ಎಷ್ಟೋ ಸಲ ಸ್ಕ್ಯಾನಿಂಗ್‌ಗೆ ಸಿಗುವುದಿಲ್ಲ. ಹಾರ್ಮೋನ್ ಗುಳಿಗೆಗಳಿಂದ ಇಂಥ ನೋವಿಗೆ ಒಳ್ಳೆಯ ಆರಾಮ ಸಿಗಬಹುದು. ಗರ್ಭ ತಡೆಯುವ ಗುಳಿಗೆ ಅಂತ ಹೆಸರು ಕೇಳಿಯೇ ತಾಯಂದಿರು ಬೆಚ್ಚುತ್ತಾರೆ, ಮದುವೆಯಾಗದ ಹುಡುಗಿಗೆ ಅದು ಯಾಕೆ ಅಂತ. ಅದು ಒಳಪದರವನ್ನು ತೆಳ್ಳಗೆ ಮಾಡುತ್ತದೆ, ಪದರ ತೆಳ್ಳಗಾದರೆ ಪ್ರೊಸ್ಟಗ್ಲಾಂಡಿನ್ ಕಡಿಮೆ. ಬಿಟ್ಟ ಮೇಲೆ ಮುಟ್ಟಿನ ಚಕ್ರ ಮತ್ತೆ ಮೊದಲಿನಂತೆ ನಡೆಯುತ್ತದೆ.

ಗುಳಿಗೆಯ ಬಗ್ಗೆ ಹೆದರಬೇಕಾದ ನಿಜವಾದ ಮಾತುಗಳೂ ಇವೆ. ಅವನ್ನು ಮುಚ್ಚಿಡುವುದಿಲ್ಲ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್ ತಗೊಂಡರೆ ಏರುವ ಅಸ್ತಮಾ ಇದ್ದವರಿಗೆ ಇವು ಬೇಡ. ಡೆಂಗ್ಯೂ ಅನುಮಾನ ಇರುವ ಜ್ವರದಲ್ಲಿ ಬೇಡ. ಗರ್ಭಿಣಿಯರಿಗೆ ಬೇಡ. ಮಗುವಿಗಾಗಿ ಪ್ರಯತ್ನ ಮಾಡುತ್ತಿರುವವರು ಎರಡು ಮುಟ್ಟಿನ ನಡುವಿನ ದಿನಗಳಲ್ಲಿ ಬೇರೆ ನೋವಿಗೆ ಇವನ್ನು ದಿನಾ ನುಂಗುತ್ತಿದ್ದರೆ ಆ ತಿಂಗಳು ಅಂಡಾಣು ಬಿಡುಗಡೆಗೆ ಅಡ್ಡಿಯಾಗಬಹುದು. ನಿಲ್ಲಿಸಿದರೆ ಅದು ಸರಿಹೋಗುತ್ತದೆ, ಮತ್ತು ಇದು ಮುಟ್ಟಿನ ದಿನದ ಗುಳಿಗೆಯ ಮಾತಲ್ಲ. ಆದರೂ ಡಾಕ್ಟರಿಗೆ ಹೇಳಿ.

2023ರ ನವೆಂಬರ್ ಕೊನೆಗೆ ಭಾರತೀಯ ಔಷಧ ಸಂಹಿತೆ ಆಯೋಗ ಮೆಫೆನಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಕೆಲವರಿಗೆ ಇದರಿಂದ ಜ್ವರ, ಮೈಮೇಲೆ ದದ್ದು ಎದ್ದು, ಒಳಗಿನ ಅಂಗಗಳಿಗೂ ಪೆಟ್ಟಾಗುವ ಅಲರ್ಜಿ ಬರುತ್ತದೆ. ಆ ವಾರ ವಾಟ್ಸಾಪ್‌ನಲ್ಲಿ ಇದು ಎಷ್ಟು ಹರಿದಾಡಿತು ಅಂದರೆ, ಹುಡುಗಿಯರು ಗುಳಿಗೆ ವಾಪಸ್ ತಂದರು. ಆಯೋಗ ಔಷಧಿಯನ್ನು ನಿಲ್ಲಿಸಿ ಅಂದಿರಲಿಲ್ಲ. ದದ್ದು, ಜ್ವರ ಕಂಡರೆ ಗಮನಿಸಿ, ತಿಳಿಸಿ ಅಂದಿತ್ತು. ಕೆಲವು ವಾರ ಬಿಟ್ಟು ಕೂಡ ಬರಬಹುದು, ಹಾಗಾಗಿ ನೆನಪಿರಲಿ.

ಮನೆಮದ್ದು? ಅದಕ್ಕೂ ಸಂಶೋಧನೆ ಆಗಿದೆ. 2001ರಲ್ಲಿ 39 ಡಿಗ್ರಿ ಬಿಸಿ ಇರುವ ಪಟ್ಟಿಯನ್ನು ದಿನಕ್ಕೆ 12 ಗಂಟೆ ಹೊಟ್ಟೆಗೆ ಕಟ್ಟಿ ನೋಡಿದರು. 400 ಮಿಲಿಗ್ರಾಂ ಐಬುಪ್ರೊಫೆನ್‌ನಷ್ಟೇ ಕೆಲಸ ಮಾಡಿತು. ನಮ್ಮ ಅಜ್ಜಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳಲ್ಲ, ಅದು ಸುಮ್ನೆ ಅಲ್ಲ. ಚರ್ಮ ಸುಡದಂತೆ ನೋಡಿಕೊಳ್ಳಿ ಅಷ್ಟೇ. ಶುಂಠಿಯ ಬಗ್ಗೆ 2009ರಲ್ಲಿ ಇರಾನಿನಲ್ಲಿ 150 ವಿದ್ಯಾರ್ಥಿನಿಯರ ಮೇಲೆ ಪ್ರಯೋಗ ಆಯಿತು. ಶುಂಠಿಪುಡಿಯ ಕ್ಯಾಪ್ಸೂಲ್ ಗುಳಿಗೆಗೆ ಸಮವಾಗಿ ಕಂಡಿತು. ಪ್ರಯೋಗ ಸಣ್ಣದು, ಅದನ್ನೇ ನೆಚ್ಚಿ ಕೂರಬೇಡಿ. ಶುಂಠಿ ಚಹಾ ಹೇಗೂ ಮೈಗೆ ಹಿತ, ಕುಡಿಯಿರಿ. ವ್ಯಾಯಾಮದ ಬಗ್ಗೆ 2019ರಲ್ಲಿ ಕಾಕ್ರೇನ್ ನೋಡಿತು. ವಾರಕ್ಕೆ ಮೂರು ಸಲ, 45ರಿಂದ 60 ನಿಮಿಷ ಮಾಡಿದವರಿಗೆ ನೋವು ತಗ್ಗಿದೆ, ಆದರೆ ಆಧಾರ ಅಷ್ಟು ಗಟ್ಟಿಯಿಲ್ಲ. ಇದನ್ನು ಹೇಳುವಾಗ ನನಗೆ ಹಿಂಜರಿಕೆ. ಕಬ್ಬಿನ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವ ಹೆಂಗಸಿಗೆ ವ್ಯಾಯಾಮ ಮಾಡವ್ವಾ ಅಂತ ಯಾವ ಬಾಯಿಂದ ಹೇಳಲಿ?

ಆ ಹೊಲದ ಹೆಂಗಸರ ನೆನಪು ಬಂದರೆ ಇನ್ನೊಂದು ಸಂಕಟ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ಬಂತು. ಮುಟ್ಟಾದ ದಿನ ಕೆಲಸ ತಪ್ಪಿದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರ, ಅಂದರೆ ಮುಕಾದಮ, ದಂಡ ಹಾಕುತ್ತಾನೆ ಅನ್ನುವ ಭಯವೂ ಅದರ ಹಿಂದೆ ಇತ್ತು. ನಮ್ಮ ಕಡೆಯೂ “ಚೀಲ ತಗಸಿ ಬಿಡಬೇಕ್ರಿ, ಒಂದ್ಸಲಕ್ಕ ಮುಗೀತು” ಅನ್ನುವವರು ಅಂಗಡಿಗೆ ಬರುತ್ತಾರೆ. ಮೂವತ್ತು ಮೂವತ್ತೆರಡರ ವಯಸ್ಸು. ಸರಿಯಾದ ಹೊತ್ತಿಗೆ ಒಂದು ಗುಳಿಗೆಯನ್ನೂ ನುಂಗಿ ನೋಡಿರುವುದಿಲ್ಲ. ಗುಳಿಗೆಗೆ ಹೆದರುವ ಊರು ಆಪರೇಷನ್ನಿಗೆ ಹೆದರುವುದಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿತು. ಸಂತೋಷವೇ. ದಿನಗೂಲಿಯವಳಿಗೆ ರಜೆ ಕೊಡುವವರು ಯಾರು?

ಹೊಸ ಔಷಧಿ ಯಾಕೆ ಬರುತ್ತಿಲ್ಲ ಅಂತಲೂ ಕೆಲವರು ಕೇಳುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ. ವಯಾಗ್ರಾದಲ್ಲಿ ಇರುವ ಸಿಲ್ಡೆನಾಫಿಲ್ ರಕ್ತನಾಳವನ್ನು ಸಡಿಲ ಮಾಡುತ್ತದೆ. ಗರ್ಭಕೋಶಕ್ಕೆ ರಕ್ತ ಹರಿಯದೆ ಬರುವ ನೋವಿಗೆ ಅದು ಆಗಬಹುದೇ ಅಂತ 25 ಹೆಂಗಸರ ಮೇಲೆ ಪರೀಕ್ಷಿಸಿದರು. ಫಲಿತಾಂಶ 2013ರಲ್ಲಿ ಬಂತು. ನಾಲ್ಕು ಗಂಟೆಯಲ್ಲಿ ಒಳ್ಳೆಯ ಆರಾಮ ಕಂಡಿತ್ತು. ಆದರೆ ಅಂದುಕೊಂಡಷ್ಟು ಜನರನ್ನು ಸೇರಿಸುವ ಮೊದಲೇ ಹಣದ ಅವಧಿ ಮುಗಿದು ಪ್ರಯೋಗ ನಿಂತಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮ ಅಂಗಡಿಯಿಂದ ವರ್ಷಕ್ಕೊಂದು ಕ್ಯಾಲೆಂಡರ್ ಕೊಡುತ್ತೇವೆ. ಎರಡು ವರ್ಷದಿಂದ ಹುಡುಗಿಯರಿಗೆ ಒಂದು ಮಾತು ಹೇಳಿ ಕೊಡುತ್ತಿದ್ದೇನೆ. ಮುಟ್ಟಾದ ದಿನಕ್ಕೆ ಗುಂಡು ಹಾಕು. ನೋವು ಹತ್ತಕ್ಕೆ ಎಷ್ಟು ಅಂತ ಬರಿ. ಗುಳಿಗೆ ಎಷ್ಟು ಗಂಟೆಗೆ ನುಂಗಿದೆ, ಕಾಲೇಜಿಗೆ ಹೋದೆಯೋ ಇಲ್ಲವೋ, ಅದನ್ನೂ ಬರಿ. ಡಾಕ್ಟರ ಮುಂದೆ ಕೂತಾಗ ನಾಚಿಕೆಗೆ ಮಾತು ಹೊರಡದಿದ್ದರೆ ಆ ಹಾಳೆ ಮುಂದಿಡು.

ಹೋದ ತಿಂಗಳು ಟ್ರ್ಯಾಕ್ಟರ್ ಓಡಿಸುವ ಒಬ್ಬರು ಬಂದರು. ಅಂಗಡಿ ತುಂಬ ಜನ ಇದ್ದರು. ಅವರು ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ. ಕಿಸೆಯಿಂದ ಮಡಚಿದ ಕ್ಯಾಲೆಂಡರ್ ಹಾಳೆ ತೆಗೆದು ಕೌಂಟರ್ ಮೇಲೆ ಬಿಡಿಸಿಟ್ಟರು.

“ಅಕ್ಕಾರ, ಮಗಳು ಮೂರು ತಿಂಗಳಿಂದ ಎಂಟು, ಒಂಬತ್ತು ಅಂತ ಬರದಾಳ್ರಿ. ಗುಳಿಗಿನೂ ವ್ಯಾಳ್ಯಾಕ್ಕ ತಗೊಂಡಾಳ. ಯಾರಿಗೆ ತೋರಸ್ಬೇಕ್ರಿ?”